ಮೇಣದ ದಾರ

ಜನವರಿ ೯

ಲೋ ಮೊಳೆ,

ಕ್ಷೇಮ ಅಂತ ಮೊದಲ ಸಾಲಿನಲ್ಲೇ ಬರೆಯಬೇಕಂತೆ, ಬರೆದಾಯಿತು. ಇನ್ನು ಉಳಿದದ್ದನ್ನು ಬರೆಯುತ್ತೇನೆ.

ನೀನು ಕಳಿಸಿದ ಕಪ್ಪು ಶೂ ಬಂದು ತಲುಪಿತು. ಡಬ್ಬಿ ಬಿಚ್ಚಿದ ಕೂಡಲೇ ಮನೆಯೆಲ್ಲ ಹೊಸ ಚರ್ಮದ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು, ನಾನು ಮೂಗನ್ನು ಡಬ್ಬಿಯೊಳಗೇ ಇಟ್ಟೆ. ಅಪ್ಪ ಅಂಗಡಿ ಮುಚ್ಚಿ ಬಂದು ನಮ್ಮಿಬ್ಬರ ಪಕ್ಕ ಕೂತಾಗ ಬರುತ್ತಿದ್ದ ವಾಸನೆ ಅದು. ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದೆ, ಎಲ್ಲೂ ಎದ್ದಿಲ್ಲ. ಚಿಕ್ಕವನಿದ್ದಾಗ ಅಪ್ಪನ ಮೊಳೆ ನುಂಗಿ ಮನೆಮಂದಿಯನ್ನೆಲ್ಲ ಅಳಿಸಿದವನು ಇಷ್ಟು ಚೆನ್ನಾಗಿ ಶೂ ಹೊಲಿಯುತ್ತಾನೆ ಅಂದರೆ ಯಾರು ನಂಬುತ್ತಾರೆ.

ನಮ್ಮ ಬಟ್ಟೆ ಅಂಗಡಿಯ ಹೊಸ ಕಾನೂನು ನಿನಗೆ ಗೊತ್ತೇ ಇದೆ. ಗಿರಾಕಿ ಇರಲಿ ಇಲ್ಲದಿರಲಿ, ಕೂರುವ ಹಾಗಿಲ್ಲ. ಚಪ್ಪಲಿಯೂ ಇಲ್ಲ, ಎಲ್ಲರಿಗೂ ಮುಚ್ಚಿದ ಕಪ್ಪು ಶೂ. ಸ್ಟೂಲುಗಳನ್ನೆಲ್ಲ ಗೋದಾಮಿಗೆ ಸಾಗಿಸಿಬಿಟ್ಟರು. "ನೀವ್ ಕೂತ್ಕೊಂಡ್ ಮಾತಾಡ್ಸಿದ್ರೆ ಗಿರಾಕಿ ಎದ್ ಹೋಗ್ತಾರಮ್ಮ" ಅಂದರು ಮಾಲೀಕರು. ಗಲ್ಲಾಪೆಟ್ಟಿಗೆಯ ಹಿಂದೆ ದಿಂಬು ಹಾಕಿಕೊಂಡು ಕೂತೇ ಅವರು ಇದನ್ನು ಹೇಳಿದ್ದು.

ಇನ್ನೊಂದು ವಿಷಯ, ಗಾಬರಿಯಾಗಬೇಡ. ಎಡಗಾಲಿನ ಹೊರಬದಿಯಲ್ಲಿ, ಕಿರುಬೆರಳಿನ ಬುಡದಲ್ಲಿ ಒಂದು ನೀರುಗುಳ್ಳೆ ಎದ್ದಿದೆ. ಕೋಟಿನ ಗುಂಡಿಗಿಂತ ದೊಡ್ಡದು. ನೋವಿಲ್ಲ, ತುರಿಕೆ ಇಲ್ಲ, ಸುತ್ತ ಕೆಂಪೂ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಇತ್ತು, ಅಷ್ಟೇ. ಹೋದ ವಾರ ಶುಗರ್ ಮತ್ತೆ ಏರಿದೆ ಅಂತ ಡಾಕ್ಟರು ಬೈದು ಕಳಿಸಿದ್ದರು. ಏರಲಿ ಬಿಡು, ಸಂಬಳವಂತೂ ಏರುವುದಿಲ್ಲ, ಮನೆಯಲ್ಲಿ ಏನಾದರೊಂದು ಏರುತ್ತಿರಬೇಕಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಸುತ್ತಿಗೆ ಕುಟ್ಟಿ ಕುಟ್ಟಿ ನಿನ್ನ ಕಿವಿ ಮಂದವಾಗಿದೆ. ನಾನು ಕೂಗಿದ್ದು ಅಕ್ಕಪಕ್ಕದ ಮನೆಗೆಲ್ಲ ಕೇಳುತ್ತದೆ, ನಿನಗೊಬ್ಬನಿಗೆ ಕೇಳುವುದಿಲ್ಲ. ಅದಕ್ಕೇ ಕಾಗದ.

ನಿನ್ನ ಅಕ್ಕ


ಜನವರಿ ೧೭

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದ ದಿನ ನಾನು ಸುತ್ತಿಗೆ ಮುಟ್ಟಲಿಲ್ಲ. ಹೊಗಳಿಕೆ ಓದಿ ಹಿಗ್ಗುತ್ತಾ ಕೆಳಗೆ ಬಂದರೆ ಗುಳ್ಳೆ. ಅಂದರೆ ನನ್ನ ಶೂ ನಿನ್ನನ್ನು ಕಚ್ಚಿದೆ. ನೀನು ಬಾಯಿಬಿಟ್ಟು ಹೇಳುವವಳಲ್ಲ, ಶುಗರು, ಸಂಬಳ, ಸ್ಟೂಲು ಅಂತ ಊರೆಲ್ಲ ಸುತ್ತಿಸಿದ್ದೀಯ. ನನಗೆ ಅರ್ಥವಾಗುವುದಿಲ್ಲ ಅಂದುಕೊಂಡೆಯಾ?

ಅಪ್ಪನ ಮಾತು ನೆನಪು ಮಾಡಿಕೋ. "ಗುಳ್ಳೆ ಎದ್ರೆ ಕಾಲಿನ್ ತಪ್ಪಲ್ಲ, ಹೊಲ್ದೋನ್ ತಪ್ಪು." ಗಿರಾಕಿ ಕುಂಟುತ್ತಾ ಬಂದರೆ ಅಪ್ಪ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ತಾನೇ ಅವರ ಶೂ ಬಿಚ್ಚುತ್ತಿದ್ದ. ಆ ಮನುಷ್ಯನ ಮಗ ನಾನು, ಒಡಹುಟ್ಟಿದವಳ ಕಾಲಿಗೇ ಗುಳ್ಳೆ ಎಬ್ಬಿಸಿದ್ದೇನೆ. ನಾಚಿಕೆಯಾಗುತ್ತಿದೆ. ಯಾವ ಹೊಲಿಗೆ ತಾಗುತ್ತಿದೆ, ಒಳಗೆ ಬೆರಳು ಹಾಕಿ ನೋಡಿ ಬರಿ. ಮುಚ್ಚಿಡಬೇಡ.

ಗುಳ್ಳೆಯನ್ನು ಹಾಗೇ ಬಿಟ್ಟು ದಿನವೆಲ್ಲ ನಿಂತರೆ ಅದು ಒಡೆದು ಮೇಲಿನ ಚರ್ಮ ಕಿತ್ತು ಬರುತ್ತದೆ. ಅಪ್ಪ ಮಾಡುತ್ತಿದ್ದ ಹಾಗೆ ಮಾಡು. ಸೂಜಿಯನ್ನು ಕುದಿಯುವ ನೀರಿನಲ್ಲಿ ಅದ್ದು. ಮೇಣದ ದಾರ ಪೋಣಿಸಿ ಗುಳ್ಳೆಯ ಈ ಬದಿಯಿಂದ ಆ ಬದಿಗೆ ದಾಟಿಸು. ಎರಡು ಕಡೆಯೂ ತುದಿ ಬಿಟ್ಟು ಕತ್ತರಿಸಿ ಬಟ್ಟೆ ಸುತ್ತು. ದಾರದ ಪಕ್ಕದಿಂದ ನೀರು ತಾನಾಗಿ ಇಳಿಯುತ್ತದೆ, ಚರ್ಮ ಕೆಳಗೆ ಕೂತುಕೊಳ್ಳುತ್ತದೆ. ಹೊಸ ಶೂ ಹಾಕಿಕೊಂಡು ಕುಣಿದು ಹಿಮ್ಮಡಿ ಊದಿಸಿಕೊಂಡು ಬಂದಾಗಲೆಲ್ಲ ಅಪ್ಪ ನಮ್ಮನ್ನು ಮೆಟ್ಟಿಲ ಮೇಲೆ ಕೂರಿಸಿ ಹೀಗೇ ಮಾಡುತ್ತಿದ್ದನಲ್ಲ. ಒಂದು ಸಲವಾದರೂ ಕೆಟ್ಟದ್ದುಂಟಾ?

ಮೇಣದ ದಾರ ನಿನ್ನ ಊರಲ್ಲಿ ಎಲ್ಲಿ ಸಿಗಬೇಕು. ಕಾಗದದೊಳಗೆ ಮಡಿಸಿ ಇಟ್ಟಿದ್ದೇನೆ. ಅಪ್ಪನ ಮೇಣದುಂಡೆಯಲ್ಲೇ ಎಳೆದದ್ದು. ಸವೆದು ಗೋಲಿಯಷ್ಟಾಗಿದೆ, ಆದರೂ ನಾನು ಬೇರೆ ಕೊಂಡಿಲ್ಲ.

ನಿನ್ನ ತಮ್ಮ


ಜನವರಿ ೨೬

ಮೊಳೆ,

ನೀನು ಹೇಳಿದ ಮನೆವೈದ್ಯ ಮಾಡಿದ್ದಾಯಿತು.

ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು ಕೂತೆ. ಮಗಳು ಬಾಗಿಲಲ್ಲಿ ನಿಂತು ಒಂದೇ ಸಮನೆ ಗೊಣಗುತ್ತಿದ್ದಳು. "ಅಮ್ಮ, ಡಾಕ್ಟ್ರನ್ನ ಒಂದ್ ಮಾತ್ ಕೇಳ್ಬಾರ್ದಾ?" ಅಂದಳು. "ನಿಮ್ಮಜ್ಜ ಇಂಥ ಗುಳ್ಳೆ ವಾಸಿ ಮಾಡ್ತಿದ್ದಾಗ ನಿನ್ ಡಾಕ್ಟ್ರು ಅಂಬೆಗಾಲಿಡ್ತಿದ್ರು" ಅಂದೆ. ಮುಖ ಊದಿಸಿಕೊಂಡು ಹೋದಳು.

ಹಲ್ಲು ಕಚ್ಚಿಕೊಂಡು ಚುಚ್ಚಿದೆ. ಹಲ್ಲು ಕಚ್ಚಿದ್ದು ದಂಡವಾಯಿತು ನೋಡು. ಸೂಜಿ ಹೋದದ್ದೇ ತಿಳಿಯಲಿಲ್ಲ. ಆ ಬದಿಯಿಂದ ತುದಿ ಹೊರಬಂದಾಗಲೇ ಗೊತ್ತಾದದ್ದು. ಬೇರೆ ಯಾರದೋ ಕಾಲಿಗೆ ಹೊಲಿಗೆ ಹಾಕಿದ ಹಾಗಿತ್ತು. ದಾರ ಎಳೆಯುವಾಗ ಬೆರಳಿಗೆ ಮೇಣದ ಕಪ್ಪು ಅಂಟಿತು. ಮೂಸಿ ನೋಡಿದೆ. ಅಪ್ಪನ ಕೈ ನನ್ನ ಹಿಮ್ಮಡಿ ಹಿಡಿದ ಹಾಗಾಯಿತು, ಕಣ್ಣು ತುಂಬಿತು. ಮಗಳು ನೋಡಿ ನೋವಿಗೆ ಅಳುತ್ತಿದ್ದೇನೆ ಅಂದುಕೊಂಡು ಓಡಿ ಬಂದಳು. ಹೌದು ಅಂದುಬಿಟ್ಟೆ, ಅವಳಿಗೂ ಒಂದು ಸಮಾಧಾನ ಬೇಕಲ್ಲ.

ಬೆಳಿಗ್ಗೆ ನೋಡಿದರೆ ಬಟ್ಟೆ ಒದ್ದೆ, ಗುಳ್ಳೆ ಚಪ್ಪಟೆ. ಕೆಲಸಕ್ಕೆ ಹೋಗಿ ನಿಂತು ಬಂದೆ.

ಹೊಲಿಗೆ ಯಾವುದು ಅಂತ ಕೇಳಿದ್ದೆಯಲ್ಲ. ಕಿರುಬೆರಳಿನ ಹತ್ತಿರ ಒಳಗಡೆಯದು ಒಂಚೂರು ತಾಗುತ್ತದೆ, ಅಷ್ಟೇ. ಅದನ್ನೇ ದೊಡ್ಡದು ಮಾಡಿಕೊಂಡು ಊಟ ಬಿಡಬೇಡ.

ಅಕ್ಕ


ಫೆಬ್ರವರಿ ೫

ಅಕ್ಕನಿಗೆ ನಮಸ್ಕಾರ.

ನೋಡಿದೆಯಾ, ಅಪ್ಪ ಸತ್ತರೂ ಅಪ್ಪನ ಕೈಗುಣ ಸತ್ತಿಲ್ಲ. ಎದುರಿನ ಸಲೂನಿನವನಿಗೆ ನಿನ್ನ ಕಾಗದ ಓದಿ ಹೇಳಿದೆ. "ನಿಮ್ಮಕ್ಕ ಗಟ್ಟಿಗಿತ್ತಿ ಕಣಯ್ಯ" ಅಂದ. ನಿಂತು ನಿಂತು ನಿನ್ನ ಅಂಗಾಲು ಅಟ್ಟೆಯ ಚರ್ಮದಂತಾಗಿದೆ, ಅದಕ್ಕೇ ನೋವಾಗಿಲ್ಲ. ನೋವು ಗೊತ್ತಾಗದ ಕಾಲು ಪುಣ್ಯ ಮಾಡಿದ ಕಾಲು.

ನಿನ್ನ ಅಳತೆಯ ಮರದ ಅಚ್ಚನ್ನು ಮತ್ತೆ ತೆಗೆದೆ. ಕಿರುಬೆರಳಿನ ಜಾಗಕ್ಕೆ ಒಂದು ತುಂಡು ಚರ್ಮ ಹೊಡೆದು ಉಬ್ಬಿಸಿದ್ದೇನೆ. ಒಳಗಿನ ಹೊಲಿಗೆಯನ್ನು ಹೊರಕ್ಕೆ ತಂದಿದ್ದೇನೆ. ಮೇಲಕ್ಕೆ ಕುರಿಮರಿ ಚರ್ಮ, ಕೈಯಲ್ಲಿ ಹಿಡಿದರೆ ಕಿವಿ ಹಿಡಿದಷ್ಟು ಮೆತ್ತಗಿದೆ. ಈ ವಾರ ಕಳಿಸುತ್ತೇನೆ. ಇದೂ ಕಚ್ಚಿತು ಅಂದರೆ ಅಂಗಡಿಗೆ ಬೀಗ ಹಾಕಿ ತರಕಾರಿ ಮಾರಲು ಹೋಗುತ್ತೇನೆ, ಹೇಳಿದ್ದೇನೆ ನೋಡು.

ನಿನ್ನ ತಮ್ಮ


ಫೆಬ್ರವರಿ ೧೯

ಮೊಳೆ,

ಶೂ ಬಂತು. ನಿಜವಾಗಲೂ ಮೆತ್ತಗಿದೆ.

ದಾರ ಹಾಕಿದ ಜಾಗ ಒಣಗುತ್ತಿಲ್ಲ. ಸ್ವಲ್ಪ ಕೆಂಪಾಯಿತು, ಆಮೇಲೆ ಸ್ವಲ್ಪ ಕೀವು. ದಾರ ಎಳೆದು ತೆಗೆದೆ, ಅರ್ಧಕ್ಕೆ ತುಂಡಾಗಿ ಬಂತು. ಪಾದ ಬೆಚ್ಚಗಿದೆ. ನೋವು ಈಗಲೂ ಇಲ್ಲ. ನೋವಾದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಅಂಗಡಿಯಲ್ಲಿ ಮಾಲೀಕರು ಬ್ಯಾಂಡೇಜು ನೋಡಿದರು. "ಕಾಲ್ ಸರಿ ಹೋದ್ಮೇಲೆ ಬನ್ನಿ, ಅವಸರ ಇಲ್ಲ" ಅಂದರು. ಅವರ ಬಾಯಿಂದ ಅವಸರ ಇಲ್ಲ ಅನ್ನುವ ಮಾತು ನಾನು ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬಳು ನಿಂತಿದ್ದಾಳಂತೆ.

ಡಾಕ್ಟರ ಹತ್ತಿರ ಹೋಗಿ ಬಂದೆವು. ಅವರು ಏನೇನೋ ಹೇಳಿದರು. ಕಾಲನ್ನು ಎತ್ತರದಲ್ಲಿಟ್ಟು ಮಲಗಿರಬೇಕು ಅನ್ನುವುದಷ್ಟೇ ನನ್ನ ತಲೆಗೆ ಹೋದದ್ದು. ಮಗಳು ಕೆಲಸದಿಂದ ಬಂದ ಕೂಡಲೇ ಕಿಟಕಿಗಳನ್ನೆಲ್ಲ ತೆರೆಯುತ್ತಾಳೆ. ಹೊಸ ಚರ್ಮದ ವಾಸನೆ ತಡೆಯಲಾಗುವುದಿಲ್ಲ ಅನ್ನುತ್ತಾಳೆ. ಹೂಂ ಅನ್ನುತ್ತೇನೆ. ಅವಳೂ ಶೂ ಡಬ್ಬಿಯ ಕಡೆ ನೋಡುವುದಿಲ್ಲ, ನಾನೂ ನನ್ನ ಕಾಲಿನ ಕಡೆ ನೋಡುವುದಿಲ್ಲ.

ಅಕ್ಕ


ಫೆಬ್ರವರಿ ೨೭

ಅಕ್ಕನಿಗೆ ನಮಸ್ಕಾರ.

ತಪ್ಪು ಯಾರದ್ದು ಅಂತ ಸಿಕ್ಕಿತು. ಚರ್ಮ ಕೊಡುವವನನ್ನು ಅಂಗಡಿಯಲ್ಲೇ ಹಿಡಿದು ಬೈದೆ. ಹದ ಮಾಡಿದ ಮೇಲೆ ಸರಿಯಾಗಿ ತೊಳೆದಿರುವುದಿಲ್ಲ, ಉಪ್ಪು ಒಳಗೇ ಉಳಿದಿರುತ್ತದೆ. ಬೆವರಿದ ಕಾಲಿಗೆ ಅದು ಹತ್ತಿದರೆ ಗಾಯ ಎಲ್ಲಿ ಒಣಗಬೇಕು. "ಹತ್ತ್ ಜನಕ್ ಕೊಟ್ಟಿದೀನಿ, ಯಾರೂ ಏನೂ ಅಂದಿಲ್ಲ" ಅಂತ ನನಗೇ ಎದುರು ಮಾತಾಡಿದ. ನಿನ್ನ ಅಕ್ಕನ ಕಾಲಿಗೆ ಕೊಟ್ಟು ನೋಡು ಅಂದೆ. ಆ ಎರಡು ಜೊತೆಯನ್ನೂ ಎಸೆದುಬಿಡು. ನಾನು ಬೇರೆ ಚರ್ಮ ಹುಡುಕುತ್ತಿದ್ದೇನೆ.

ಈ ಸಲ ಹಳೆಯ ಅಚ್ಚು ಬೇಡ. ದೊಡ್ಡ ಕಾಗದದ ಮೇಲೆ ಎರಡು ಪಾದವನ್ನೂ ಊರಿ ನಿಂತು, ಮಗಳ ಕೈಯಲ್ಲಿ ಸುತ್ತ ಗೆರೆ ಎಳೆಸಿ ಕಳಿಸು. ಊತ ಇದ್ದರೆ ಊತದ ಸಮೇತ ಎಳೆಯಲಿ. ಹೊಸ ಅಚ್ಚು ಕೆತ್ತುತ್ತೇನೆ. ನೀನು ಮತ್ತೆ ಹೋಗಿ ಆ ಅಂಗಡಿಯಲ್ಲಿ ನಿಂತುಕೊಳ್ಳಬೇಕು, ನಿನ್ನ ಜಾಗದಲ್ಲಿ ನಿಂತವಳು ಪಕ್ಕಕ್ಕೆ ಸರಿಯಬೇಕು. ಅಲ್ಲಿಯವರೆಗೆ ನನಗೆ ನಿದ್ದೆ ಇಲ್ಲ.

ನಿನ್ನ ತಮ್ಮ


ಮಾರ್ಚ್ ೧೦

ಅಕ್ಕ,

ಗೆರೆ ಎಳೆದ ಕಾಗದ ಬರಲಿಲ್ಲ. ಫೋನು ಮಾಡಿದರೆ ಮಗಳು ಏನೋ ಅಂದಳು, ಅಮ್ಮ ಮಲಗಿದ್ದಾಳೆ ಅನ್ನುವುದೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮರ ತಂದಿಟ್ಟಿದ್ದೇನೆ. ಅಳತೆ ಇಲ್ಲದೆ ಉಳಿ ಹಾಕುವುದು ಹೇಗೆ. ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರಿ. ನೀನು ಸುಮ್ಮನಿದ್ದರೆ ನನಗೆ ಕೈಕಾಲು ಆಡುವುದಿಲ್ಲ.

ನಿನ್ನ ತಮ್ಮ


ಮಾರ್ಚ್ ೧೪

ಮೊಳೆ,

ಇದು ಆಸ್ಪತ್ರೆಯ ಹಾಸಿಗೆಯಿಂದ. ಎರಡು ಪಾದಕ್ಕೆ ಗೆರೆ ಎಳೆಯಲು ಇನ್ನು ಆಗುವುದಿಲ್ಲ. ನಾಳೆ ಎಡಗಾಲು ತೆಗೆಯುತ್ತಾರೆ, ಮೊಣಕಾಲಿನ ಕೆಳಗೆ. ಬೆರಳುಗಳು ಕಪ್ಪಾಗಿವೆ. ತಡ ಮಾಡಿದರೆ ಮೇಲಕ್ಕೆ ಏರುತ್ತದಂತೆ.

ನಿನಗೆ ಹೇಳಬೇಡ ಅಂತ ಮಗಳ ಹತ್ತಿರ ಆಣೆ ಮಾಡಿಸಿದ್ದೆ. ಮರ ತಂದಿಟ್ಟಿದ್ದೇನೆ ಅಂತ ನೀನು ಬರೆದದ್ದನ್ನು ಅವಳು ಓದಿ ಹೇಳಿದಾಗ ತಡೆಯಲಾಗಲಿಲ್ಲ. ಬರಬೇಡ ಅಂತ ಬರೆಯಬೇಕು ಅಂದುಕೊಂಡೆ. ಬಾ.

ಅಕ್ಕ


ಮಾರ್ಚ್ ೩೧

ಅಕ್ಕ,

ಮನೆ ತಲುಪಿದೆ. ಅಲ್ಲಿ ನಿನ್ನ ಹಾಸಿಗೆಯ ಪಕ್ಕ, ಹೊದಿಕೆ ಒಂದು ಕಡೆ ಎದ್ದು ಇನ್ನೊಂದು ಕಡೆ ಚಪ್ಪಟೆಯಾಗಿದ್ದುದನ್ನು ನೋಡುತ್ತಾ ಕೂತಿದ್ದೆ. ನೀನೇ ನನ್ನನ್ನು ನಗಿಸಲು ನೋಡಿದೆ. "ಇನ್ಮೇಲೆ ನಿಂಗೆ ಅರ್ಧ ಕೆಲಸ ಕಣೋ" ಅಂದೆ. ನಾನು ಎದ್ದು ಹೊರಗೆ ಹೋದದ್ದು ನೀರು ಕುಡಿಯಲು ಅಲ್ಲ.

ಹೊರಗೆ ಡಾಕ್ಟರು ಸಿಕ್ಕಿದರು. ನನ್ನ ಕಿವಿಯ ಹತ್ತಿರ ಬಾಗಿ ನಿಧಾನವಾಗಿ ಹೇಳಿದರು, ಎಲ್ಲವೂ ಕೇಳಿಸಿತು. ಶುಗರ್ ಇರುವವರಿಗೆ ಕೆಲವೊಮ್ಮೆ ಕಾಲಿನ ಮೇಲೆ ಇಂಥ ಗುಳ್ಳೆ ತಾನಾಗೇ ಏಳುತ್ತದಂತೆ. ಶೂ ಬೇಡ, ಉಜ್ಜುವುದು ಬೇಡ, ಮಲಗಿದ್ದರೂ ಏಳುತ್ತದೆ. ನರ ಸತ್ತಿರುವುದರಿಂದ ನೋವೂ ಗೊತ್ತಾಗುವುದಿಲ್ಲ. "ಮುಟ್ಟದೆ ಬಿಟ್ಟಿದ್ರೆ ಎಷ್ಟೋ ಸಲ ಕೆಲವು ವಾರದಲ್ಲಿ ತಾನಾಗೇ ಒಣಗುತ್ತೆ ಕಣ್ರೀ. ಇದನ್ನ ಯಾರೋ ಚುಚ್ಚಿದಾರೆ. ಒಳಗೊಂದು ದಾರದ ತುಂಡಿತ್ತು. ಯಾರ್ರೀ ಹಾಕಿದ್ದು?" ಅಂದರು. ನಾನು ಚಪ್ಪಲಿ ಹೊಲಿಯುವವನು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಡಾಕ್ಟ್ರೇ ಅಂದೆ. ಮೇಣದ ಕಪ್ಪು ಹತ್ತಿದ ಕೈ ಜೇಬಿನಲ್ಲಿತ್ತು, ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ.

ಅಕ್ಕ, ಶುಗರ್ ಅಂತ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ನಾನು ಅದನ್ನು ದಾಟಿಕೊಂಡು ಹೋಗಿ ನನ್ನ ಹೊಲಿಗೆಯನ್ನು ಹುಡುಕುತ್ತಾ ಕೂತೆ. ಆಣೆ ಇಟ್ಟು ಕೇಳುತ್ತಿದ್ದೇನೆ. ನಾನು ಕಳಿಸಿದ ದಾರದಿಂದಲೇ ನಿನ್ನ ಕಾಲು ಹೋಯಿತಾ? ಏನಿದ್ದರೂ ಬರಿ, ತಡೆದುಕೊಳ್ಳುತ್ತೇನೆ.

ನಿನ್ನ ತಮ್ಮ


ಏಪ್ರಿಲ್ ೯

ಲೋ ಮೊಳೆ,

ಕೂತು ಸರಿಯಾಗಿ ಓದು. ಒಂದು ಸುಳ್ಳು ಹೇಳಿದ್ದೆ, ಈಗ ಒಪ್ಪಿಕೊಳ್ಳುತ್ತಿದ್ದೇನೆ.

ನಿನ್ನ ಶೂ ನನ್ನನ್ನು ಕಚ್ಚಲಿಲ್ಲ. ನಾನು ಅದನ್ನು ಹಾಕಿಕೊಳ್ಳಲೇ ಇಲ್ಲ, ಮೊದಲನೆಯದನ್ನೂ ಇಲ್ಲ, ಎರಡನೆಯದನ್ನೂ ಇಲ್ಲ. ಆಗಲೇ ಪಾದ ಊದಿಕೊಂಡು ಒಳಗೆ ಹೋಗುತ್ತಿರಲಿಲ್ಲ. ಅಷ್ಟು ಆಸೆಯಿಂದ ಹೊಲಿದು ಕಳಿಸಿದ್ದೀಯ, ಹಿಡಿಸುವುದಿಲ್ಲ ಅಂತ ಬರೆಯಲು ಮನಸ್ಸು ಬರಲಿಲ್ಲ. ಅಂಗಡಿಗೆ ಹೋಗುತ್ತಿದ್ದುದು ಮಗಳ ಹಳೆಯ ಕಪ್ಪು ಬಟ್ಟೆಯ ಶೂನಲ್ಲಿ, ಹಿಮ್ಮಡಿ ತುಳಿದುಕೊಂಡು. ಆ ಒಳಹೊಲಿಗೆ ತಾಗುತ್ತದೆ ಅಂದದ್ದು ನನ್ನ ಕಟ್ಟುಕಥೆ. ಶೂ ತಪ್ಪಾದರೆ ನೀನು ಸರಿ ಮಾಡುತ್ತೀಯ, ಮೈಯದೇ ತಪ್ಪಾದರೆ ಯಾರು ಸರಿ ಮಾಡುತ್ತಾರೆ. ಅದಕ್ಕೇ ಶೂ ಅಂದೆ. ಎರಡು ಜೊತೆಯೂ ಡಬ್ಬಿಯಲ್ಲಿ ಹೊಸದಾಗೇ ಇವೆ.

ಶೂ ವಿಷಯ ಸುಳ್ಳು ಹೇಳಿದವಳು ದಾರದ ವಿಷಯ ನಿಜ ಹೇಳುತ್ತೇನಾ? ದಾರ ನಾನು ಹಾಕಲೇ ಇಲ್ಲ. ಸೂಜಿ ಕಂಡರೆ ನನಗೆ ಚಿಕ್ಕಂದಿನಿಂದಲೂ ಭಯ ಅಂತ ನಿನಗೆ ಗೊತ್ತಿಲ್ಲವಾ? ನಿನ್ನನ್ನು ಖುಷಿಪಡಿಸಲು ಹಾಗೆ ಬರೆದೆ. ಗುಳ್ಳೆ ತಾನಾಗೇ ಒಡೆಯಿತು. ಡಾಕ್ಟರು ನೋಡಿದ್ದು ಬ್ಯಾಂಡೇಜಿನ ಎಳೆ ಇರಬೇಕು. ದಿನಕ್ಕೆ ಎಷ್ಟೋ ಕಾಲು ನೋಡುವವರು, ಯಾರ ಗಾಯದಲ್ಲಿ ಏನಿತ್ತು ಅಂತ ಅವರಿಗೆ ನೆನಪಿರುತ್ತದಾ? ನೀನು ಕಳಿಸಿದ ದಾರ ನನ್ನ ಹೊಲಿಗೆ ಡಬ್ಬಿಯಲ್ಲಿ ಬಿದ್ದಿದೆ. ಇನ್ನು ಆ ಮಾತು ಎತ್ತಬೇಡ.

ಮನೆಗೆ ಬಂದಿದ್ದೇನೆ. ಮಗಳು ಕಿಟಕಿಯ ಪಕ್ಕ ಕೂರಿಸುತ್ತಾಳೆ. ಈಗ ದಿನವೆಲ್ಲ ಕೂತಿರಬಹುದು, ಯಾರೂ ಬೇಡ ಅನ್ನುವುದಿಲ್ಲ. ವಿಚಿತ್ರ ಏನೆಂದರೆ ಇಲ್ಲದ ಕಾಲಿನ ಕಿರುಬೆರಳು ಈಗ ನೋಯುತ್ತದೆ. ಸೂಜಿ ದಾಟಿ ಹೋದರೂ ತಿಳಿಯದ ಕಾಲು, ಕತ್ತರಿಸಿ ಹಾಕಿದ ಮೇಲೆ ಜೀವ ಹಿಂಡುತ್ತಿದೆ. ಅಳು ಬರುತ್ತದೆ. ಸಾಕಾಗಿದೆ ಕಣೋ.

ಬಲಗಾಲಿನ ಮೇಲೆ ನಿನ್ನೆ ಬೆಳಿಗ್ಗೆ ಒಂದು ಗುಳ್ಳೆ ಕಂಡಿತು. ತಿಳಿನೀರು, ನೋವಿಲ್ಲ. ಮಗಳಿಗೆ ಇನ್ನೂ ಹೇಳಿಲ್ಲ. ನಾನು ಅದನ್ನು ನೋಡುತ್ತಾ ಕೂತಿರುತ್ತೇನೆ.

ಅಕ್ಕ


ಏಪ್ರಿಲ್ ೧೮

ಅಕ್ಕ,

ನಿನ್ನ ಕಾಗದ ಬಂತು. ಕೊನೆಯವರೆಗೂ ಓದಿದೆ, ಮತ್ತೆ ಮೊದಲಿಂದ ಓದಿದೆ.

ದಾರ ಹಾಕಲಿಲ್ಲ ಅಂತ ಬರೆದಿದ್ದೀಯ. ಒಳ್ಳೆಯದಾಯಿತು. ಅದು ಬ್ಯಾಂಡೇಜಿನ ಎಳೆಯೇ ಇರಬೇಕು. ನೀನು ಹಾಗೆ ಹೇಳಿದ ಮೇಲೆ ನಾನು ಬೇರೆ ಯಾರನ್ನೂ ಕೇಳುವುದಿಲ್ಲ. ಅಪ್ಪನ ಕೈ ಹಿಮ್ಮಡಿ ಹಿಡಿದ ಹಾಗಾಯಿತು ಅಂತ ಜನವರಿಯಲ್ಲಿ ಬರೆದಿದ್ದೆಯಲ್ಲ, ಆ ಕಾಗದವನ್ನು ಒಲೆಗೆ ಹಾಕಿದೆ. ಸುಳ್ಳು ಬರೆದ ಕಾಗದವನ್ನು ಇಟ್ಟುಕೊಂಡು ಏನು ಮಾಡಬೇಕು.

ಬಲಗಾಲಿನ ಗುಳ್ಳೆಯನ್ನು ಇವತ್ತೇ ಮಗಳಿಗೆ ತೋರಿಸು, ಅವಳು ಡಾಕ್ಟರಿಗೆ ತೋರಿಸಲಿ. ಅದನ್ನು ಮುಟ್ಟಬೇಡ. ಯಾರನ್ನೂ ಮುಟ್ಟಲು ಬಿಡಬೇಡ, ನಾನು ಬಂದರೂ ಮುಟ್ಟಲು ಬಿಡಬೇಡ. ನಿನಗೆ ಹೇಳಿಕೊಡಲು ನನ್ನ ಹತ್ತಿರ ಇನ್ನೇನೂ ಇಲ್ಲ. ಅದು ಇಳಿಯಿತಾ ಇಲ್ಲವಾ, ಅಷ್ಟು ಬರಿ ಸಾಕು.

ನಿನ್ನ ಮಾತು ನಂಬಿದ್ದೇನೆ ಅಕ್ಕ. ಅಂಗಡಿ ದಿನವೂ ತೆರೆಯುತ್ತೇನೆ. ಅಪ್ಪನ ಮೇಣದುಂಡೆ ಕಪಾಟಿನ ಮೇಲೆ ಇದ್ದಲ್ಲೇ ಇದೆ. ಗಿರಾಕಿಗಳು ಬಂದರೆ ದಾರ ಮುಗಿದಿದೆ ಅಂತ ಹೇಳಿ ಕಳಿಸುತ್ತಿದ್ದೇನೆ.

ಮೊಳೆ